ಸೈಕಲ್ ರೇಸ್‌ನಲ್ಲಿ ಮದ್ದು ನಿಜಕ್ಕೂ ಕಡಿಮೆಯಾಗಿದೆಯೇ?

ಜುಲೈ ತಿಂಗಳಲ್ಲಿ ಟೂರ್ ಡಿ ಫ್ರಾನ್ಸ್ ನಡೆಯುತ್ತದೆ. ಮೂರು ವಾರ, 21 ಹಂತ, ಹೆಚ್ಚುಕಡಿಮೆ 3,400 ಕಿಲೋಮೀಟರ್. ಆಲ್ಪ್ಸ್ ಮತ್ತು ಪಿರನೀಸ್ ಬೆಟ್ಟಗಳ ಏರಿನಲ್ಲಿ ಸವಾರರು ಸೈಕಲ್ ತುಳಿಯುವುದನ್ನು ನೋಡಿದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮದ್ದು ತಗೊಳ್ಳದೆ ಇದೆಲ್ಲ ಸಾಧ್ಯವೇ?"

ಪ್ರಶ್ನೆ ನ್ಯಾಯವಾದದ್ದೇ. ಈ ಕ್ರೀಡೆ ಹಲವು ಬಾರಿ ಅಭಿಮಾನಿಗಳ ನಂಬಿಕೆಗೆ ದ್ರೋಹ ಮಾಡಿದೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 1990ರ ದಶಕಕ್ಕೆ ಹೋಲಿಸಿದರೆ ಇಂದಿನ ಸೈಕಲ್ ರೇಸ್ ಬಹಳ ಶುದ್ಧವಾಗಿದೆ, ಆದರೆ ಪೂರ್ತಿ ಶುದ್ಧವಾಗಿಲ್ಲ. ಹೀಗೆ ಹೇಳಲು ಆಧಾರವೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಮದ್ದು ಮಾಡುವುದೇನು?

ಡೋಪಿಂಗ್ ಎಂದರೆ ನಿಷೇಧಿತ ಉದ್ದೀಪನ ಮದ್ದು ಅಥವಾ ವಿಧಾನ ಬಳಸಿ ದೇಹದ ಸಾಮರ್ಥ್ಯ ಹೆಚ್ಚಿಸಿಕೊಳ್ಳುವುದು. ಹಿಂದೆ ಸವಾರರು ಆಂಫೆಟಮಿನ್ ಮಾತ್ರೆ ನುಂಗುತ್ತಿದ್ದರು. ಅದು ದಣಿವು ಗೊತ್ತಾಗದಂತೆ ಮಾಡುವ ಮದ್ದು. ದಣಿವು ದೇಹ ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನೇ ಅಡಗಿಸಿದರೆ ಪ್ರಾಣಕ್ಕೆ ಸಂಚಕಾರ. 1967ರ ಜುಲೈ 13ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಮೋಂ ವಾಂಟೂ ಬೆಟ್ಟದ ಸುಡುಬಿಸಿಲಿನಲ್ಲಿ ಕುಸಿದು ಸತ್ತರು. ಅವರ ದೇಹದಲ್ಲಿ ಆಂಫೆಟಮಿನ್ ಮತ್ತು ಮದ್ಯ ಸಿಕ್ಕಿದವು.

1990ರ ದಶಕದಲ್ಲಿ ಬಂದ ಇಪಿಒ ಆಟವನ್ನೇ ಬದಲಿಸಿತು. ಇದರ ಪೂರ್ತಿ ಹೆಸರು ಎರಿತ್ರೋಪೊಯೆಟಿನ್. ನಮ್ಮೆಲ್ಲರ ಮೂತ್ರಪಿಂಡಗಳೇ ತಯಾರಿಸುವ ಹಾರ್ಮೋನು ಇದು. ಎಲುಬಿನ ಮಜ್ಜೆಗೆ "ಇನ್ನಷ್ಟು ಕೆಂಪು ರಕ್ತಕಣ ಮಾಡು" ಎಂದು ಸೂಚನೆ ಕೊಡುವುದು ಇದರ ಕೆಲಸ. ಮೂತ್ರಪಿಂಡ ಕೆಟ್ಟು ರಕ್ತಹೀನತೆಯಿಂದ ಬಳಲುವ ರೋಗಿಗಳಿಗಾಗಿ ಇದರ ಇಂಜೆಕ್ಷನ್ ತಯಾರಾಯಿತು. ಅದನ್ನು ಆರೋಗ್ಯವಂತ ಸವಾರರು ಚುಚ್ಚಿಸಿಕೊಳ್ಳತೊಡಗಿದರು. ಕೆಂಪು ಕಣ ಹೆಚ್ಚಿದಷ್ಟೂ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಸಿಗುತ್ತದೆ. ಆದರೆ ರಕ್ತ ಗಟ್ಟಿಯಾಗುತ್ತದೆ, ಹೆಪ್ಪುಗಟ್ಟುವ ಅಪಾಯವೂ ಬೆಳೆಯುತ್ತದೆ.

ಇನ್ನೊಂದು ದಾರಿ ರಕ್ತವನ್ನೇ ಬಳಸುವುದು. ತನ್ನದೇ ರಕ್ತ ತೆಗೆಸಿ ತಣ್ಣಗೆ ಕಾಪಿಟ್ಟು, ರೇಸ್ ಹೊತ್ತಿಗೆ ಮತ್ತೆ ಏರಿಸಿಕೊಳ್ಳುವುದು. 2006ರಲ್ಲಿ ಸ್ಪೇನ್ ಪೊಲೀಸರು ವೈದ್ಯ ಯುಫೆಮಿಯಾನೊ ಫುಯೆಂತೆಸ್ ಅವರ ಜಾಲವನ್ನು ಭೇದಿಸಿದಾಗ, ಗುಪ್ತ ಹೆಸರು ಬರೆದ ರಕ್ತದ ಚೀಲಗಳೇ ಸಿಕ್ಕಿದವು.

ಆಗ ಯಾರೂ ಹಿಡಿಯಲಿಲ್ಲವೇ?

ಹಿಡಿಯಲು ಪರೀಕ್ಷೆಯೇ ಇರಲಿಲ್ಲ. ಇಪಿಒ ಪತ್ತೆಹಚ್ಚುವ ವಿಧಾನ ಬಳಕೆಗೆ ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ. ಅದಕ್ಕೂ ಮೊದಲು, 1997ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಒಂದು ಮಿತಿ ಹಾಕಿತು. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 50 ದಾಟಿದರೆ ಆ ಸವಾರ ರೇಸ್‌ನಿಂದ ಹೊರಗೆ. 1999ರಲ್ಲಿ ಇಟಲಿಯ ದೊಡ್ಡ ರೇಸ್ ಜಿರೋ ಡಿ ಇಟಾಲಿಯಾದಲ್ಲಿ ಗೆಲುವಿನ ಹೊಸ್ತಿಲಲ್ಲಿದ್ದ ಮಾರ್ಕೊ ಪಂತಾನಿ ಹೀಗೇ ಹೊರಬಿದ್ದರು. ಆದರೆ ಈ ಮಿತಿಯಿಂದ ಹಲವರು ಕಲಿತ ಪಾಠ ಬೇರೆ: 49ರವರೆಗೆ ಏರಿಸಿಕೊಂಡರೆ ತೊಂದರೆಯಿಲ್ಲ!

1998ರಲ್ಲಿ ಫೆಸ್ಟಿನಾ ತಂಡದ ಸಹಾಯಕನೊಬ್ಬ ಫ್ರಾನ್ಸ್–ಬೆಲ್ಜಿಯಂ ಗಡಿಯಲ್ಲಿ ಕಾರಿನ ತುಂಬ ಮದ್ದಿನೊಂದಿಗೆ ಸಿಕ್ಕಿಬಿದ್ದ. ಹಿಡಿದವರು ಗಡಿ ಅಧಿಕಾರಿಗಳು. ಪರೀಕ್ಷಾಲಯದ ಪಾತ್ರ ಅದರಲ್ಲಿರಲಿಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಗೆದ್ದ ಏಳು ಟೂರ್ ಪ್ರಶಸ್ತಿಗಳನ್ನು ಕಳೆದುಕೊಂಡದ್ದು 2012ರಲ್ಲಿ. ಅಲ್ಲಿಯೂ ನಿರ್ಣಾಯಕವಾದದ್ದು 26 ಜನರ ಸಾಕ್ಷ್ಯ. ಅವರಲ್ಲಿ 15 ಮಂದಿ ಸವಾರರು.

ಈಗ ಪರೀಕ್ಷೆ ನಡೆಯುವ ಬಗೆ

ಮೊದಲನೆಯದು ವೇರ್‌ಅಬೌಟ್ಸ್, ಅಂದರೆ ಸವಾರ ಎಲ್ಲಿದ್ದಾನೆ ಎಂಬ ಮಾಹಿತಿ. ಪರೀಕ್ಷಾ ಪಟ್ಟಿಯಲ್ಲಿರುವ ಸವಾರ ಪ್ರತಿದಿನ ಎಲ್ಲಿ ಮಲಗುತ್ತೇನೆ, ಎಲ್ಲಿ ಅಭ್ಯಾಸ ಮಾಡುತ್ತೇನೆ ಎಂದು ಮುಂಚೆಯೇ ತಿಳಿಸಬೇಕು. ಜೊತೆಗೆ ದಿನಕ್ಕೆ ಒಂದು ಗಂಟೆ, ಬೆಳಗಿನ 5ರಿಂದ ರಾತ್ರಿ 11ರ ನಡುವೆ, ಹೇಳಿದ ಜಾಗದಲ್ಲಿ ಇರಲೇಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಮದ್ದು ಸಿಗದಿದ್ದರೂ ಅದು ಅಪರಾಧವೇ. 2007ರಲ್ಲಿ ಹಳದಿ ಅಂಗಿ ತೊಟ್ಟು ಮುನ್ನಡೆಯಲ್ಲಿದ್ದ ಮೈಕೆಲ್ ರಾಸ್ಮುಸೆನ್ ಅವರನ್ನು ಅವರ ತಂಡವೇ ಟೂರ್‌ನ ಮಧ್ಯದಲ್ಲಿ ಹಿಂದಕ್ಕೆ ಕರೆಸಿತು. ತಾನಿದ್ದ ಜಾಗದ ಬಗ್ಗೆ ಅವರು ಸುಳ್ಳು ಹೇಳಿದ್ದರು.

ಎರಡನೆಯದು ಮೂತ್ರದ ಮಾದರಿ. ಹಂತ ಗೆದ್ದವರಿಗೆ ಮತ್ತು ಒಟ್ಟಾರೆ ಮುಂದಿರುವವರಿಗೆ ಇದು ಪ್ರತಿದಿನ ತಪ್ಪಿದ್ದಲ್ಲ. ಗೆರೆ ದಾಟಿದ ಕೂಡಲೇ ಒಬ್ಬ ಕಾವಲುಗಾರ ಜೊತೆಯಾಗುತ್ತಾನೆ. ಪರೀಕ್ಷಾ ಕೊಠಡಿ ಸೇರುವವರೆಗೆ ಸವಾರನ ಮೇಲಿನ ಕಣ್ಣು ತೆಗೆಯುವುದಿಲ್ಲ. ಸೀಲ್ ಮಾಡಿದ ಪಾತ್ರೆಗಳಲ್ಲಿ ಒಂದನ್ನು ಸವಾರನೇ ಆರಿಸುತ್ತಾನೆ. ಅಂಗಿಯನ್ನು ಎದೆಯವರೆಗೆ ಎತ್ತಿ, ಚಡ್ಡಿಯನ್ನು ಮೊಣಕಾಲಿಗೆ ಇಳಿಸಿ, ಅಧಿಕಾರಿಯ ಕಣ್ಣೆದುರೇ ಮಾದರಿ ಕೊಡಬೇಕು. ಬೇರೆಯವರ ಮೂತ್ರ ಬಚ್ಚಿಟ್ಟು ತರುವ ಕುತಂತ್ರ ಹಿಂದೆ ನಡೆದಿರುವುದರಿಂದ ಈ ಮುಜುಗರ ಅನಿವಾರ್ಯ. ಕನಿಷ್ಠ 90 ಮಿಲಿಲೀಟರ್ ಬೇಕು. ಐದು ಗಂಟೆ ಬಿಸಿಲಲ್ಲಿ ಬೆವರಿದ ದೇಹಕ್ಕೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಎಷ್ಟು ಹೊತ್ತಾದರೂ ಕಾಯಬೇಕು.

ಅದನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗಳಿಗೆ ಸವಾರನೇ ಸುರಿದು ಮುಚ್ಚಳ ತಿರುಗಿಸುತ್ತಾನೆ. ಒಮ್ಮೆ ಬಿಗಿದ ಮುಚ್ಚಳವನ್ನು ಒಡೆಯದೆ ತೆಗೆಯಲಾಗದಂತೆ ಮಾಡಿರುತ್ತಾರೆ. ಪರೀಕ್ಷಾಲಯಕ್ಕೆ ಹೆಸರು ಹೋಗುವುದಿಲ್ಲ, ಸಂಖ್ಯೆ ಮಾತ್ರ ಹೋಗುತ್ತದೆ. ಎ ಬಾಟಲಿಯಲ್ಲಿ ಮದ್ದು ಕಂಡರೆ, ಖಚಿತಪಡಿಸಿಕೊಳ್ಳಲು ಬಿ ಇದೆ. ಮಾದರಿಗಳನ್ನು ಹತ್ತು ವರ್ಷದವರೆಗೂ ಕಾಪಿಡಬಹುದು. ಇಂದು ಕಾಣದ್ದು ನಾಳಿನ ಯಂತ್ರಕ್ಕೆ ಕಾಣಬಹುದು.

ರಕ್ತದ ಪಾಸ್‌ಪೋರ್ಟ್

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ. 2008ರಲ್ಲಿ ಯುಸಿಐ ಬಯಲಾಜಿಕಲ್ ಪಾಸ್‌ಪೋರ್ಟ್ ತಂದಿತು. ಇದು ಪ್ರತಿ ಸವಾರನ ರಕ್ತದ ಲೆಕ್ಕಪುಸ್ತಕ ಎನ್ನಬಹುದು. ಇಲ್ಲಿ ಮದ್ದನ್ನು ಹುಡುಕುವುದಿಲ್ಲ, ಮದ್ದು ದೇಹದಲ್ಲಿ ಬಿಟ್ಟುಹೋದ ಗುರುತನ್ನು ಹುಡುಕುತ್ತಾರೆ.

ಒಂದು ಲೆಕ್ಕದಿಂದ ಇದನ್ನು ತಿಳಿಯೋಣ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಒಂದು ಅಂಕಿ. ಹೊಸದಾಗಿ ಹುಟ್ಟಿದ ಎಳೆ ಕೆಂಪು ಕಣಗಳ, ಅಂದರೆ ರೆಟಿಕ್ಯುಲೋಸೈಟ್‌ಗಳ ಶೇಕಡಾವಾರು ಇನ್ನೊಂದು ಅಂಕಿ. ಎಳೆ ಕಣಗಳ ಅಂಕಿಯ ವರ್ಗಮೂಲವನ್ನು 60ರಿಂದ ಗುಣಿಸಿ, ಹಿಮೋಗ್ಲೋಬಿನ್‌ನಿಂದ ಕಳೆಯಬೇಕು. ಬರುವುದೇ ಆಫ್-ಸ್ಕೋರ್.

ಒಬ್ಬ ಸವಾರನ ಹಿಮೋಗ್ಲೋಬಿನ್ ಲೀಟರಿಗೆ 150 ಗ್ರಾಂ, ಎಳೆ ಕಣ ಶೇ 1 ಎಂದುಕೊಳ್ಳಿ. 150ರಲ್ಲಿ 60 ಕಳೆದರೆ 90. ಇದು ಸಹಜ. ಅವನು ಕೆಲವು ವಾರ ಇಪಿಒ ತೆಗೆದುಕೊಂಡು ನಿಲ್ಲಿಸಿದ ಎನ್ನಿ. ರಕ್ತದಲ್ಲಿ ಕಣಗಳು ತುಂಬಿ ತುಳುಕುತ್ತಿರುತ್ತವೆ. ಆದ್ದರಿಂದ ಮಜ್ಜೆ ಹೊಸ ಕಣ ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಹಿಮೋಗ್ಲೋಬಿನ್ 165ಕ್ಕೆ ಏರಿ, ಎಳೆ ಕಣ ಶೇ 0.25ಕ್ಕೆ ಇಳಿಯಿತು ಎಂದುಕೊಳ್ಳಿ. 0.25ರ ವರ್ಗಮೂಲ 0.5. ಗುಣಿಸಿದರೆ 30, ಕಳೆದರೆ 135. ಮೂತ್ರದಲ್ಲಿ ಇಪಿಒ ಸುಳಿವೇ ಇಲ್ಲದಿದ್ದರೂ 90 ಇದ್ದದ್ದು 135 ಆದದ್ದು ಪುಸ್ತಕದಲ್ಲಿ ದಾಖಲಾಗುತ್ತದೆ.

"ಎತ್ತರದ ಬೆಟ್ಟಕ್ಕೆ ಹೋದರೂ ರಕ್ತ ಬದಲಾಗುತ್ತದಲ್ಲ?" ಎಂದು ನೀವು ಕೇಳಬಹುದು. ಹೌದು. ಅದಕ್ಕೇ ಕಂಪ್ಯೂಟರ್ ಎಚ್ಚರಿಸಿದ ಮಾತ್ರಕ್ಕೆ ಶಿಕ್ಷೆಯಾಗುವುದಿಲ್ಲ. ಸವಾರನ ಹೆಸರು ತಿಳಿಯದ ತಜ್ಞರು ಬೆಟ್ಟದ ವಾಸ, ಕಾಯಿಲೆ ಮುಂತಾದ ಸಹಜ ಕಾರಣಗಳನ್ನೆಲ್ಲ ತೂಗಿ ನೋಡುತ್ತಾರೆ. ವ್ಯಾಯಾಮದ ಬಳಿಕ ನಿಗದಿತ ಹೊತ್ತು ಕಳೆಯದೆ ಈ ರಕ್ತ ತೆಗೆಯುವಂತಿಲ್ಲ ಎಂಬ ನಿಯಮವೂ ಇದೆ. 2011ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಇಟಲಿಯ ಫ್ರಾಂಕೊ ಪೆಲಿಜೋಟಿ ಅವರಿಗೆ ಎರಡು ವರ್ಷದ ನಿಷೇಧ ವಿಧಿಸಿದ್ದು ಪಾಸ್‌ಪೋರ್ಟ್ ಆಧಾರದಿಂದಲೇ.

ಹಾಗಾದರೆ ಕಡಿಮೆಯಾಗಿದೆಯೇ?

ಆಗಿದೆ. ಸಾಕ್ಷಿ ರಕ್ತದಲ್ಲೇ ಇದೆ. ಈ ಶತಮಾನದ ಆರಂಭದಲ್ಲಿ ಸವಾರರ ರಕ್ತದಲ್ಲಿ ಎಳೆ ಕಣಗಳು ವಿಪರೀತ ಹೆಚ್ಚು ಅಥವಾ ವಿಪರೀತ ಕಡಿಮೆ ಇರುವ ಮಾದರಿಗಳು ಬೇಕಾದಷ್ಟಿದ್ದವು. ಇಪಿಒ ಪರೀಕ್ಷೆ ಬಂದ ಮೇಲೆ ಅವು ಇಳಿದವು, ಪಾಸ್‌ಪೋರ್ಟ್ ಬಂದ ಮೇಲೆ ಇನ್ನೂ ಇಳಿದವು. 2011ರಲ್ಲಿ ಯುಸಿಐ ವೈದ್ಯಕೀಯ ಅಗತ್ಯವಿಲ್ಲದ ಸೂಜಿಯನ್ನೇ ನಿಷೇಧಿಸಿತು. ವಿಟಮಿನ್ ಆದರೂ ಸರಿ, ಚುಚ್ಚುವಂತಿಲ್ಲ. ಇಡೀ ತಂಡವೇ ಸೇರಿ ಮದ್ದು ನಡೆಸುತ್ತಿದ್ದ ಕಾಲ ಬಹುಮಟ್ಟಿಗೆ ಹೋಗಿದೆ.

ಆದರೆ ಅಧಿಕಾರಿಗಳು ಚಾಪೆ ಕೆಳಗೆ ನುಸುಳಿದರೆ ಮೋಸಗಾರರು ರಂಗೋಲಿ ಕೆಳಗೆ ನುಸುಳುತ್ತಾರೆ. ಇಪಿಒವನ್ನು ಅತಿ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ತೆಗೆದುಕೊಳ್ಳುವುದಕ್ಕೆ ಮೈಕ್ರೋಡೋಸಿಂಗ್ ಎನ್ನುತ್ತಾರೆ. 2011ರ ಒಂದು ಅಧ್ಯಯನದಲ್ಲಿ ಹತ್ತು ಜನರಿಗೆ ಹೀಗೆ ಕೊಟ್ಟು ನೋಡಿದರು. ಒಟ್ಟು ಹಿಮೋಗ್ಲೋಬಿನ್ ಸುಮಾರು ಶೇ 10ರಷ್ಟು ಏರಿದರೂ ಪಾಸ್‌ಪೋರ್ಟ್ ಲೆಕ್ಕ ಒಬ್ಬರನ್ನೂ ಹಿಡಿಯಲಿಲ್ಲ. 2015ರಲ್ಲಿ ಸೈಕ್ಲಿಂಗ್ ಸುಧಾರಣೆಯ ಸ್ವತಂತ್ರ ಆಯೋಗ ವರದಿ ಕೊಟ್ಟಾಗ, ಈಗಲೂ ಶೇ 90ರಷ್ಟು ಸವಾರರು ಮದ್ದು ಬಳಸುತ್ತಾರೆ ಎಂದು ಒಬ್ಬರು ಅಂದಾಜಿಸಿದ್ದರು, ಶೇ 20 ಎಂದು ಇನ್ನೊಬ್ಬರು. ಒಳಗಿನವರಿಗೇ ಸರಿಯಾದ ಲೆಕ್ಕ ಗೊತ್ತಿರಲಿಲ್ಲ.

2019ರಲ್ಲಿ ಆಸ್ಟ್ರಿಯಾ ಮತ್ತು ಜರ್ಮನಿಯ ಪೊಲೀಸರು ವೈದ್ಯ ಮಾರ್ಕ್ ಶ್ಮಿಟ್ ಅವರ ರಕ್ತ ಏರಿಸುವ ಜಾಲ ಬಯಲಿಗೆಳೆದರು. ಅದರಲ್ಲಿ ಸೈಕಲ್ ಸವಾರರೂ ಇದ್ದರು. ಕೊಲಂಬಿಯಾದ ಮಿಗೆಲ್ ಆಂಜೆಲ್ ಲೋಪೆಸ್ 2022ರ ಜಿರೋ ಹೊತ್ತಿಗೆ ನಿಷೇಧಿತ ಹಾರ್ಮೋನು ಬಳಸಿದರೆಂದು 2024ರಲ್ಲಿ ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದರು. ದೊಡ್ಡ ಜಾಲಗಳು ಇಂದಿಗೂ ಬಯಲಾಗುವುದು ಪೊಲೀಸರ ತನಿಖೆಯಿಂದಲೇ. ಪರೀಕ್ಷೆಯೊಂದೇ ಸಾಲದು ಎಂಬುದಕ್ಕೆ ಇಷ್ಟು ಸಾಕು.

ವೇಗ ಹೆಚ್ಚಿದೆಯಲ್ಲ?

ಹೆಚ್ಚಿದೆ. 2024ರ ಟೂರ್‌ನಲ್ಲಿ ತಾದೆ ಪೊಗಾಚಾರ್ ಎಂಬ ಸವಾರ ಪಿರನೀಸ್‌ನ ಪ್ಲಾಟೋ ಡಿ ಬೆಯ್ ಏರನ್ನು 1998ರ ಪಂತಾನಿಗಿಂತ ಮೂರು ನಿಮಿಷಕ್ಕೂ ಬೇಗ ಹತ್ತಿದರು. ಅನುಮಾನ ಬರುವುದು ಸಹಜ. ಆದರೆ ಪೊಗಾಚಾರ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ವೇಗಕ್ಕೆ ಬೇರೆ ಕಾರಣಗಳೂ ಇವೆ. ಸೈಕಲ್ ಸುಧಾರಿಸಿದೆ. ಟೈರು, ಬಟ್ಟೆ, ಹೆಲ್ಮೆಟ್ ಎಲ್ಲವೂ ಗಾಳಿ ಮತ್ತು ರಸ್ತೆಯ ತಡೆಯನ್ನು ತಗ್ಗಿಸುತ್ತವೆ. ಹಿಂದೆ ಕಡಿಮೆ ತಿಂದು ತುಳಿಯುವುದೇ ಶಿಸ್ತು ಎಂಬ ನಂಬಿಕೆಯಿತ್ತು. ಈಗ ಗಂಟೆಗೆ 100 ಗ್ರಾಂ ಮೀರಿ ಸಕ್ಕರೆಯಂಥ ಪಿಷ್ಟಾಂಶ ತಿನ್ನಲು ಸವಾರರು ಹೊಟ್ಟೆಯನ್ನು ಒಗ್ಗಿಸಿಕೊಂಡಿದ್ದಾರೆ. ವೇಗ ನೋಡಿ ಪ್ರಶ್ನೆ ಕೇಳಬಹುದು, ಆದರೆ ವೇಗವೊಂದನ್ನೇ ನೋಡಿ ಯಾರನ್ನೂ ಅಪರಾಧಿ ಎನ್ನಲಾಗದು.

ಮದ್ದಲ್ಲದ ಹೊಸ ದಾರಿಗಳ ಮೇಲೂ ಕಣ್ಣಿಡಬೇಕು. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಮತ್ತೆ ಮತ್ತೆ ಸೇದಿ ರಕ್ತಕಣ ಹೆಚ್ಚಿಸಬಹುದು ಎಂಬ ಚರ್ಚೆ ಎದ್ದಾಗ, ಯುಸಿಐ 2025ರ ಫೆಬ್ರವರಿಯಿಂದ ಅದನ್ನು ನಿಷೇಧಿಸಿತು. 2016ರಲ್ಲಿ ಬೆಲ್ಜಿಯಂನ ಯುವ ಸವಾರಳೊಬ್ಬಳ ಸೈಕಲ್ ಒಳಗೆ ಮೋಟಾರೇ ಸಿಕ್ಕಿತ್ತು. ಈಗ ಸೈಕಲ್‌ಗಳಿಗೂ ಎಕ್ಸ್-ರೇ ಪರೀಕ್ಷೆ ಇದೆ.

ಖರ್ಚು ಯಾರದು? ಮಾಹಿತಿ ಎಲ್ಲಿ ಸಿಗುತ್ತದೆ?

ಪರೀಕ್ಷೆಯ ಹಣವನ್ನು ತಂಡಗಳು, ರೇಸ್ ಸಂಘಟಕರು ಮತ್ತು ಯುಸಿಐ ಹಂಚಿಕೊಳ್ಳುತ್ತಾರೆ. ಸವಾರರ ಬಹುಮಾನದಿಂದಲೂ ಒಂದು ಪಾಲು ಹೋಗುತ್ತದೆ. ಪರೀಕ್ಷೆ ನಡೆಸುವ ಕೆಲಸ ಈಗ ಯುಸಿಐ ಕೈಯಲ್ಲಿಲ್ಲ. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿರುವ ಸ್ವತಂತ್ರ ಅಂತರರಾಷ್ಟ್ರೀಯ ಪರೀಕ್ಷಾ ಸಂಸ್ಥೆ 2021ರಿಂದ ಅದನ್ನು ನೋಡಿಕೊಳ್ಳುತ್ತಿದೆ. ಆಟ ಬೆಳೆಸುವವರೇ ಕಳ್ಳರನ್ನೂ ಹಿಡಿಯಬೇಕಿದ್ದ ಹಳೆಯ ಇಕ್ಕಟ್ಟು ಇದರಿಂದ ತಪ್ಪಿದೆ.

ನಿಷೇಧಿತ ಮದ್ದುಗಳ ಪಟ್ಟಿಯನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಪ್ರತಿ ಜನವರಿ 1ರಿಂದ ಹೊಸದಾಗಿ ಜಾರಿಗೆ ತರುತ್ತದೆ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮ ದೇಶದಲ್ಲಿ ಈ ಹೊಣೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಅಂದರೆ ನಾಡಾದ್ದು. 2022ರಲ್ಲಿ ಸಂಸತ್ತು ಇದಕ್ಕಾಗಿ ಕಾನೂನನ್ನೂ ಅಂಗೀಕರಿಸಿತು. ಕಾಯಿಲೆಗೆ ನಿಷೇಧಿತ ಔಷಧಿ ಬೇಕೇಬೇಕಾದರೆ ವೈದ್ಯರ ದಾಖಲೆಯೊಂದಿಗೆ ಅಲ್ಲಿ ವಿನಾಯಿತಿ ಕೇಳಬಹುದು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳಗಿನ ಜಾವ ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ಮಕ್ಕಳಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಿಯಮ ಸರಳ: ದೇಹದಲ್ಲಿ ಏನು ಸಿಕ್ಕರೂ ಅದಕ್ಕೆ ಕ್ರೀಡಾಪಟುವೇ ಹೊಣೆ. "ಗೊತ್ತಿರಲಿಲ್ಲ, ಕೋಚ್ ಕೊಟ್ಟರು" ಎಂದರೆ ತಪ್ಪು ಅಳಿಸಿಹೋಗುವುದಿಲ್ಲ. ಹೆಸರು ತಿಳಿಯದ ಪುಡಿ, ಚೀಟಿಯಿಲ್ಲದ ಡಬ್ಬಿ, ಯಾರೋ ಕೊಟ್ಟ ಇಂಜೆಕ್ಷನ್ ಯಾವುದನ್ನೂ ಮುಟ್ಟಗೊಡಬೇಡಿ. ವೈದ್ಯರ ಬಳಿ ಹೋದಾಗ "ನಮ್ಮ ಮಗು ಕ್ರೀಡಾಪಟು" ಎಂದು ಮೊದಲೇ ಹೇಳಿ. ಪದಕ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬಂದೀತು. ಕೆಟ್ಟ ಆರೋಗ್ಯ ಮತ್ತು ಕಳೆದುಹೋದ ಹೆಸರು ಅಷ್ಟು ಸುಲಭಕ್ಕೆ ಮರಳಿ ಬರುವುದಿಲ್ಲ.