ಸೈಡಿಂಗ್: ಮರ ಮತ್ತು ವಿನೈಲ್ ಹೊದಿಕೆಗಳ ಆಯ್ಕೆ

ಸೈಡಿಂಗ್ ಎಂಬುದು ಮಳೆ, ಗಾಳಿ ಹಾಗೂ ಬಿಸಿಲಿನಿಂದ ರಕ್ಷಣೆ ಪಡೆಯಲು ಮನೆಯ ಹೊರಗೋಡೆಗಳಿಗೆ ಹೊದಿಸುವ ಹಲಗೆ ಅಥವಾ ಪಟ್ಟಿಗಳ ಪದರವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಬಹುಪಾಲು ಮನೆಗಳನ್ನು ಮರದ ಚೌಕಟ್ಟಿನಿಂದ ಕಟ್ಟಲಾಗುತ್ತದೆ. ಇಟ್ಟಿಗೆಯ ಗೋಡೆಗೆ ಗಾರೆ ಬಳಿಯುವಂತೆ ಈ ಚೌಕಟ್ಟಿನ ಹೊರಮೈಗೆ ಸೈಡಿಂಗ್ ಅಗತ್ಯ. ಅಲ್ಲಿನ ಮನೆಮಾಲೀಕರು ಹೆಚ್ಚಾಗಿ ಹೋಲಿಸಿ ನೋಡುವ ಸಾಮಗ್ರಿಗಳಲ್ಲಿ ಮರ ಮತ್ತು ವಿನೈಲ್ ಪ್ರಮುಖವಾದವು.

ಮರದ ಹೊದಿಕೆ

ಮರದ ಹೊದಿಕೆಯು ವಸಾಹತು ಕಾಲದಿಂದಲೂ ಬಳಕೆಯಲ್ಲಿದೆ. ನ್ಯೂ ಇಂಗ್ಲೆಂಡ್ ಪ್ರದೇಶದ ಹಳೆಯ ಮನೆಗಳಲ್ಲಿ ಒಂದರ ಅಂಚಿನ ಮೇಲೆ ಮತ್ತೊಂದು ಕೂರುವಂತೆ ಅಡ್ಡಲಾಗಿ ಜೋಡಿಸಿದ ಹಲಗೆಗಳನ್ನು ಕಾಣಬಹುದು. ಸೀಡರ್, ರೆಡ್‌ವುಡ್, ಪೈನ್ ಮತ್ತು ಸ್ಪ್ರೂಸ್ ಮರಗಳನ್ನು ಇದಕ್ಕೆ ಬಳಸುತ್ತಾರೆ. ಸೀಡರ್ ಹಾಗೂ ರೆಡ್‌ವುಡ್‌ಗಳ ಚೇಗು ಸಹಜವಾಗಿಯೇ ಕೊಳೆಯುವಿಕೆಯನ್ನು ತಡೆಯುತ್ತದೆ.

ಮರದ ಮುಖ್ಯ ಶತ್ರು ತೇವಾಂಶ. ಬಣ್ಣದ ಪದರ ಬಿರುಕುಬಿಟ್ಟರೆ ನೀರು ಒಳಸೇರಿ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿನ ಕಾಟವೂ ಉಂಟು. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಬಣ್ಣ ಬಳಿಯಬೇಕಾಗುತ್ತದೆ. ಹಲಗೆಯ ಕತ್ತರಿಸಿದ ತುದಿಗಳು ಹೆಚ್ಚು ನೀರು ಹೀರುವುದರಿಂದ ಅವುಗಳಿಗೂ ಪ್ರೈಮರ್ ಹಚ್ಚುವುದು ಅವಶ್ಯ. ಸರಿಯಾದ ಆರೈಕೆಯಿದ್ದರೆ ಮರದ ಹೊದಿಕೆ ಹಲವು ತಲೆಮಾರುಗಳವರೆಗೆ ಬಾಳುತ್ತದೆ. ಹಾಳಾದ ಹಲಗೆಯನ್ನಷ್ಟೇ ಬದಲಿಸಲು ಸಾಧ್ಯವಿರುವುದು ಇದರ ದೊಡ್ಡ ಅನುಕೂಲ.

ವಿನೈಲ್ ಹೊದಿಕೆ

ವಿನೈಲ್ ಹೊದಿಕೆಯನ್ನು ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್‌ನಿಂದ ತಯಾರಿಸಲಾಗುತ್ತದೆ. ಇದು 1950ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ಕ್ರಮೇಣ ಅಲ್ಯೂಮಿನಿಯಂ ಹೊದಿಕೆಯ ಸ್ಥಾನವನ್ನು ಆಕ್ರಮಿಸಿತು. ಬಣ್ಣವು ವಸ್ತುವಿನಲ್ಲಿಯೇ ಬೆರೆತಿರುವುದರಿಂದ ಮತ್ತೆ ಬಳಿಯುವ ಅಗತ್ಯವಿಲ್ಲ. ಆಗಾಗ ತೊಳೆದರೆ ಸಾಕು. ಆರಂಭಿಕ ವೆಚ್ಚವೂ ಸಾಮಾನ್ಯವಾಗಿ ಮರಕ್ಕಿಂತ ಕಡಿಮೆ.

ಆದರೆ ಉಷ್ಣತೆಗೆ ತಕ್ಕಂತೆ ವಿನೈಲ್ ಗಣನೀಯವಾಗಿ ಹಿಗ್ಗಿ ಕುಗ್ಗುತ್ತದೆ. ಸುಮಾರು 3.6 ಮೀಟರ್ ಉದ್ದದ ಪಟ್ಟಿಯು 12 ಮಿಲಿಮೀಟರ್‌ನಷ್ಟು ವ್ಯತ್ಯಾಸಗೊಳ್ಳಬಹುದು. ಈ ಕಾರಣದಿಂದ ಮೊಳೆಯನ್ನು ಸೀಳುರಂಧ್ರದ ನಡುವೆ, ಬಿಗಿಯಾಗದಂತೆ ಹೊಡೆಯಬೇಕು. ಬಿಗಿಯಾದರೆ ಪಟ್ಟಿ ಉಬ್ಬಿ ಸೊಟ್ಟಗಾಗುತ್ತದೆ. ಮಾಂಸ ಸುಡುವ ಒಲೆಯ ಸಮೀಪದ ಶಾಖ ಅಥವಾ ಎದುರಿನ ಕಿಟಕಿಯ ಗಾಜಿನಿಂದ ಪ್ರತಿಫಲಿಸಿದ ಬಿಸಿಲು ಅದನ್ನು ಕರಗಿಸಿ ವಿರೂಪಗೊಳಿಸಬಲ್ಲದು. ಕಡುಚಳಿಯಲ್ಲಿ ಪೆಟ್ಟು ಬಿದ್ದರೆ ಅದು ಒಡೆಯಬಹುದು. ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಹಳೆಯ ಪಟ್ಟಿಯ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ದುರಸ್ತಿಗೆ ತಂದ ಹೊಸ ಪಟ್ಟಿ ಅದಕ್ಕೆ ಹೊಂದುವುದು ಕಷ್ಟ.

ಹಳೆಯ ಮರದ ಮೇಲೆ ವಿನೈಲ್

ವಿನೈಲ್ ಪಟ್ಟಿಗಳ ಹೊದಿಕೆ ಪೂರ್ಣ ಜಲನಿರೋಧಕವಲ್ಲ. ಕೀಲುಗಳ ಮೂಲಕ ಒಳಬಂದ ನೀರು ತಳಭಾಗದ ಸಣ್ಣ ರಂಧ್ರಗಳಿಂದ ಹೊರಹೋಗುವಂತೆ ಅದನ್ನು ರೂಪಿಸಲಾಗಿದ್ದು, ಅದರ ಹಿಂದೆ ನೀರು ತಡೆಯುವ ಪ್ರತ್ಯೇಕ ಪದರ ಇರಬೇಕು. ಕೊಳೆಯುತ್ತಿರುವ ಮರವನ್ನು ದುರಸ್ತಿ ಮಾಡದೆ ಮೇಲೆ ವಿನೈಲ್ ಹೊದಿಸಿದರೆ ಹಾನಿ ಕಣ್ಣಿಗೆ ಕಾಣದಾಗುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಚೌಕಟ್ಟೇ ಶಿಥಿಲವಾಗಿರಬಹುದು. ಐತಿಹಾಸಿಕ ಕಟ್ಟಡಗಳ ಮೂಲ ಮರವನ್ನು ಹೀಗೆ ಮುಚ್ಚುವುದನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನವನ ಸೇವೆಯ ಮಾರ್ಗಸೂಚಿಗಳು ಸಾಮಾನ್ಯವಾಗಿ ಪ್ರೋತ್ಸಾಹಿಸುವುದಿಲ್ಲ.

ಅಮೆರಿಕದಲ್ಲಿ ಮನೆಗಳಿಗೆ ಸೀಸಯುಕ್ತ ಬಣ್ಣದ ಬಳಕೆಯನ್ನು 1978ರಲ್ಲಿ ನಿಷೇಧಿಸಲಾಯಿತು. ಅದಕ್ಕೂ ಹಿಂದಿನ ಮನೆಗಳ ಮರವನ್ನು ಕೆರೆಯುವಾಗ ಏಳುವ ಧೂಳು ಮಕ್ಕಳ ಆರೋಗ್ಯಕ್ಕೆ ವಿಶೇಷವಾಗಿ ಅಪಾಯಕಾರಿಯಾದ್ದರಿಂದ ಮೊದಲು ಬಣ್ಣವನ್ನು ಪರೀಕ್ಷಿಸುವುದು ಅಗತ್ಯ.

ಆಯ್ಕೆಯ ಮಾನದಂಡಗಳು

ಕಡಿಮೆ ಆರಂಭಿಕ ವೆಚ್ಚ ಮತ್ತು ಅಲ್ಪ ನಿರ್ವಹಣೆ ಮುಖ್ಯವಾದಲ್ಲಿ ವಿನೈಲ್ ಅನುಕೂಲಕರ. ಕಟ್ಟಡದ ಮೂಲ ಸ್ವರೂಪವನ್ನು ಉಳಿಸಬೇಕಾದಲ್ಲಿ, ಬೇಕಾದಾಗ ಬಣ್ಣ ಬದಲಿಸುವ ಇಚ್ಛೆಯಿದ್ದಲ್ಲಿ ಹಾಗೂ ನಿಯತ ಆರೈಕೆ ಸಾಧ್ಯವಿದ್ದಲ್ಲಿ ಮರ ಸೂಕ್ತ. ಕಾಳ್ಗಿಚ್ಚಿನ ಭೀತಿಯಿರುವ ಪ್ರದೇಶಗಳಲ್ಲಿ ಇವೆರಡಕ್ಕೂ ಬದಲಾಗಿ ಸುಲಭವಾಗಿ ಬೆಂಕಿ ಹೊತ್ತದ ಫೈಬರ್ ಸಿಮೆಂಟ್ ಹಲಗೆಗಳನ್ನು ಪರಿಗಣಿಸಲಾಗುತ್ತದೆ. ಯಾವ ಸಾಮಗ್ರಿಯನ್ನು ಆರಿಸಿದರೂ ಗೋಡೆಯೊಳಗೆ ಸೇರಿದ ನೀರು ಹೊರಹರಿದು ಒಣಗಲು ಅವಕಾಶವಿರುವುದು ಹೊದಿಕೆಯ ಬಾಳಿಕೆಯನ್ನು ನಿರ್ಧರಿಸುವ ಪ್ರಧಾನ ಅಂಶವಾಗಿದೆ.