ಕಿತ್ತೂರು ಸುಬ್ಬರಾವ್ ಅವರ ಅಧಿಶೋಷಣ ಸಂಶೋಧನೆ

ಘನಪದಾರ್ಥದ ಮೈಗೆ ಅನಿಲವಾಗಲಿ ಆವಿಯಾಗಲಿ ಬಂದು ಅಂಟಿಕೊಳ್ಳುವ ವ್ಯಾಪಾರಕ್ಕೆ ಅಧಿಶೋಷಣೆಯೆಂದು ಹೆಸರು. ಇದು ಮೇಲ್ಮೈ ರಸಾಯನಶಾಸ್ತ್ರದ ಒಂದು ಮುಖ್ಯ ಪ್ರಕರಣ. ಇತಿಹಾಸದ ಅಭ್ಯಾಸಿಗಳಾದ ನಾವು ಈ ವಿಷಯವನ್ನು ಕೈಗೆತ್ತಿಕೊಂಡಿರುವುದಕ್ಕೆ ಕಾರಣವಿದೆ. ಜಡವಸ್ತುವಿಗೂ ಒಂದು ಪೂರ್ವಚರಿತ್ರೆಯುಂಟು, ಅದನ್ನರಿಯದೆ ಅದರ ಇಂದಿನ ಸ್ಥಿತಿಯನ್ನು ಹೇಳಲಾಗದು ಎಂಬುದನ್ನು ನಮ್ಮ ನಾಡಿನ ಕಾಲೇಜೊಂದರಲ್ಲಿಯೇ ಪ್ರಯೋಗಗಳಿಂದ ತೋರಿಸಲಾಯಿತು.

ಸಿಲಿಕಾ ಜೆಲ್ಲಿನಂತಹ ಸೂಕ್ಷ್ಮರಂಧ್ರಗಳುಳ್ಳ ವಸ್ತುವನ್ನು ನೀರಾವಿಯಲ್ಲಿರಿಸಿ, ಆವಿಯ ಒತ್ತಡವನ್ನು ಕ್ರಮವಾಗಿ ಏರಿಸಿದರೆ ಅದು ನೀರನ್ನು ಹೀರುತ್ತದೆ, ಇಳಿಸಿದರೆ ಬಿಡುತ್ತದೆ. ಆದರೆ ನೀರು ಬಂದ ದಾರಿಯಲ್ಲಿಯೇ ಹಿಂದಿರುಗುವುದಿಲ್ಲ. ಒತ್ತಡ ಅಷ್ಟೇ ಇದ್ದರೂ, ಒಣಗುತ್ತಿರುವ ಜೆಲ್ಲಿನಲ್ಲಿ ನೆನೆಯುತ್ತಿರುವ ಜೆಲ್ಲಿಗಿಂತ ಹೆಚ್ಚು ನೀರಿರುತ್ತದೆ. ಎರಡು ರೇಖೆಗಳೂ ಕೂಡಿ ನಕ್ಷೆಯಲ್ಲಿ ಒಂದು ಕುಣಿಕೆಯಾಗುತ್ತದೆ. ಹಿಸ್ಟರೆಸಿಸ್ ಎಂದು ಕರೆಯುವ ಈ ಸಂಗತಿಯನ್ನು ಡಚ್ ವಿಜ್ಞಾನಿ ವಾನ್ ಬೆಮ್ಮೆಲೆನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕಂಡಿದ್ದನು. ಅದು ವಸ್ತುವಿನ ನಿಜಗುಣವೇ, ಅಥವಾ ಪ್ರಯೋಗದ ದೋಷದಿಂದ ತೋರುವ ಭ್ರಮೆಯೇ ಎಂಬ ಸಂಶಯ ಮಾತ್ರ ಉಳಿದಿತ್ತು.

ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹುಟ್ಟಿದ ಸಂಸ್ಥೆ. ಅದು 1916ರಿಂದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಲ್ಲಿ ಕೆಲಸ ಮಾಡಿದ ಕಿತ್ತೂರು ಸುಬ್ಬರಾವ್ ಅವರು ಈ ಪ್ರಶ್ನೆಯನ್ನು ಕೈಗೊಂಡರು. ಕ್ವಾರ್ಟ್ಸ್ ಎಳೆಯ ಸುರುಳಿಯೊಂದೇ ಅವರ ತಕ್ಕಡಿ. ಅದರ ತುದಿಗೆ ವಸ್ತುವನ್ನು ತೂಗುಬಿಟ್ಟರೆ, ನೀರು ಸೇರಿದಂತೆಲ್ಲ ಸುರುಳಿ ನೀಳವಾಗುತ್ತದೆ. ಆ ನೀಳವನ್ನು ಅಳೆದರೆ ತೂಕ ತಿಳಿಯುತ್ತದೆ. ಅವರು ನೆನೆಸಿ ಒಣಗಿಸುವ ಆವರ್ತನೆಯನ್ನು ಮತ್ತೆ ಮತ್ತೆ ನಡೆಸಿದರು. ಸಿಲಿಕಾದಂತಹ ಗಡುಸಾದ ಜೆಲ್ಲುಗಳಲ್ಲಿ ಕುಣಿಕೆ ಅಳಿಯದೆ ನಿಂತಿತು. ಈ ಸಂಶೋಧನೆಗಳು 1941ರಲ್ಲಿ ಅಮೆರಿಕದ ಭೌತ ರಸಾಯನಶಾಸ್ತ್ರ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಪ್ರಕಟವಾದವು.

ಇದಕ್ಕೆ ಕಾರಣವನ್ನು ರಂಧ್ರದ ಆಕಾರದಲ್ಲಿ ಹುಡುಕಬೇಕು. ಬಾಯಿ ಕಿರಿದು, ಹೊಟ್ಟೆ ಹಿರಿದಾದ ಕೊಡವನ್ನು ನೆನೆಯೋಣ. ಕಿರಿದಾದ ಎಡೆಯಲ್ಲಿ ಆವಿಯು ಕಡಿಮೆ ಒತ್ತಡದಲ್ಲಿಯೇ ನೀರಾಗಿ ನಿಲ್ಲುತ್ತದೆ. ಹಿರಿದಾದ ಎಡೆಗೆ ಹೆಚ್ಚು ಒತ್ತಡ ಬೇಕು. ಆದಕಾರಣ ಹೊಟ್ಟೆ ತಡವಾಗಿ ತುಂಬುತ್ತದೆ. ತುಂಬಿದ ಮೇಲೆ ಒತ್ತಡ ಇಳಿದರೂ ಬಾಯಲ್ಲಿ ನಿಂತ ನೀರು ಒಳಗಿನದನ್ನು ತಡೆದು ಹಿಡಿಯುತ್ತದೆ. ಮೆಕ್‌ಬೇನ್ 1935ರಲ್ಲಿ ಇದನ್ನು ಶಾಯಿಯ ಸೀಸೆಗೆ ಹೋಲಿಸಿದ್ದನು. ಈ ಕುಹರವಾದವನ್ನು ಸುಬ್ಬರಾವ್ ಅವರು ಪರೀಕ್ಷೆಗೆ ಒಡ್ಡಿದರು. ನೆನೆಯುವಿಕೆಯನ್ನಾಗಲಿ ಒಣಗುವಿಕೆಯನ್ನಾಗಲಿ ನಡುವೆಯೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ, ಕುಣಿಕೆಯ ಒಳಭಾಗವನ್ನೆಲ್ಲ ಶೋಧಿಸಿದರು. ಒತ್ತಡವೊಂದನ್ನೇ ಅರಿತರೆ ನೀರಿನ ಪ್ರಮಾಣವನ್ನು ಹೇಳಲಾಗದು, ವಸ್ತು ಯಾವ ದಾರಿಯಿಂದ ಅಲ್ಲಿಗೆ ಬಂದಿತೆಂಬುದನ್ನೂ ಅರಿಯಬೇಕೆಂದು ಇದರಿಂದ ಸ್ಪಷ್ಟವಾಯಿತು.

ಅವರು ಅಕ್ಕಿಯೇ ಮೊದಲಾದ ಧಾನ್ಯಗಳನ್ನೂ ಪರೀಕ್ಷಿಸಿದರು. ಅಲ್ಲಿ ಕುಣಿಕೆ ಆವರ್ತನೆಯಿಂದ ಆವರ್ತನೆಗೆ ಕುಗ್ಗಿ ಕೊನೆಗೆ ಮಾಯವಾಯಿತು. ಧಾನ್ಯದ ರಂಧ್ರಗಳ ಗೋಡೆ ಸ್ಥಿತಿಸ್ಥಾಪಕವಾದುದರಿಂದ ಹಿಗ್ಗಿ ಕುಗ್ಗುತ್ತದೆ. ನೀರನ್ನು ಸೆರೆಹಿಡಿಯುವ ಕುಹರ ಉಳಿಯುವುದಿಲ್ಲ. ಅಂದರೆ ಗಡುಸು ಗೋಡೆ ತನ್ನ ಹಿಂದಣ ಸ್ಥಿತಿಯನ್ನು ನೆನಪಿಡುತ್ತದೆ, ಮೆದು ಗೋಡೆ ಮರೆಯುತ್ತದೆ.

ನಮ್ಮ ಪ್ರದೇಶದವರಿಗೆ ಇದು ದೂರದ ಮಾತಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ನೆಲದಲ್ಲಿ ಸುಣ್ಣಕಲ್ಲು ಹೇರಳವಾಗಿದೆ. ಶಹಾಬಾದದಲ್ಲಿಯೂ ತರುವಾಯ ವಾಡಿಯಲ್ಲಿಯೂ ಸಿಮೆಂಟಿನ ಕಾರ್ಖಾನೆಗಳು ಎದ್ದವು. ನೀರು ಬೆರೆಸಿದ ಸಿಮೆಂಟು ಗಟ್ಟಿಯಾದಾಗ ಅದೂ ಸೂಕ್ಷ್ಮರಂಧ್ರಗಳ ಜೆಲ್ಲೇ ಆಗುತ್ತದೆ. ಅಮೆರಿಕದ ಪವರ್ಸ್ ಮತ್ತು ಬ್ರೌನ್‌ಯಾರ್ಡ್ ಎಂಬವರು 1940ರ ದಶಕದಲ್ಲಿ ಅದರ ರಚನೆಯನ್ನು ತಿಳಿದದ್ದು ನೀರಾವಿಯ ಅಧಿಶೋಷಣೆಯನ್ನು ಅಳೆದೇ. ಅಲ್ಲಿಯೂ ನೆನೆಯುವ ರೇಖೆ ಬೇರೆ, ಒಣಗುವ ರೇಖೆ ಬೇರೆ. ಗೋಡೆಯೊಂದರ ತೇವವನ್ನು ಅಳೆಯುವವನು ಅದು ಮಳೆಗಾಲ ಕಳೆದು ಒಣಗುತ್ತಿದೆಯೋ, ಬೇಸಗೆ ಕಳೆದು ನೆನೆಯುತ್ತಿದೆಯೋ ಎಂದು ಕೇಳಲೇಬೇಕು.

ಕಾಲೇಜಿನ ಕೆಲಸ ಪಾಠ ಹೇಳುವುದೊಂದೇ, ಸಂಶೋಧನೆ ದೊಡ್ಡ ಸಂಸ್ಥೆಗಳದು ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಒಂದು ಸುರುಳಿ, ಒಂದು ಹಿಡಿ ಅಕ್ಕಿ ಮತ್ತು ಬಹುದಿನದ ತಾಳ್ಮೆಯಿಂದ ನಡೆದ ಈ ಕಾರ್ಯ ಆ ಮಾತಿಗೆ ಸಾಕಷ್ಟು ಉತ್ತರವಾಗಿದೆ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನವು ಗುರುಗಳೊಡನೆ ಗ್ರಂಥಭಂಡಾರವನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ವೃತ್ತಿಯನ್ನು ಕಲ್ಪಿಸಿದೆ. ಕಲಿಸುವುದರಷ್ಟೇ ಕಾಪಾಡುವುದೂ ವಿದ್ಯೆಯ ಅಂಗವೆಂದು ನಮ್ಮ ಹಿರಿಯರು ತಿಳಿದಿದ್ದರು. ಪ್ರತಿ ಕಾಲೇಜೂ ತನ್ನ ಪ್ರಯೋಗಶಾಲೆಯ ಹಳೆಯ ವಹಿಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡತಕ್ಕದ್ದು. ವಸ್ತುವಿನಂತೆ ವಿದ್ಯಾಸಂಸ್ಥೆಯೂ ತಾನು ಬಂದ ದಾರಿಯಿಂದಲೇ ಅರ್ಥವಾಗತಕ್ಕದ್ದೆಂದು ನಾವು ನಂಬುತ್ತೇವೆ.