ಕರುಳಿನ ಕೊನೆವರೆಗೂ ನಡೆಯುವ ಕೋಶಗಳು

ಮಗು ಹುಟ್ಟಿ ಎರಡು ದಿನವಾದರೂ ಮೊದಲ ಕಪ್ಪು ಮಲ ಹೋಗಿಲ್ಲ, ಹೊಟ್ಟೆ ಉಬ್ಬಿದೆ. ವೈದ್ಯರಿಗೆ ಬರುವ ಅನುಮಾನಗಳಲ್ಲೊಂದು ಹಿರ್ಷ್‌ಸ್ಪ್ರಂಗ್ ಕಾಯಿಲೆ. ಸುಮಾರು 5,000 ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ. ಇದರ ಮೂಲ ಇರುವುದು ಭ್ರೂಣದ ಮೊದಲ ವಾರಗಳಲ್ಲಿ.

ನಾಲ್ಕನೇ ವಾರ. ಕುತ್ತಿಗೆಯ ಹತ್ತಿರ, ಮುಂದೆ ಮೆದುಳು, ಬೆನ್ನುಹುರಿಯಾಗುವ ನರಕೊಳವೆಯ ಅಂಚಿನಿಂದ ಕೆಲವು ಜೀವಕೋಶಗಳು ಕಳಚಿಕೊಂಡು ಹೊರಡುತ್ತವೆ. ಕರುಳಿಗೆ ಇಳಿದು, ಗುದದ್ವಾರದವರೆಗೂ ಸಾಗಿ, ನರಜಾಲ ಕಟ್ಟಬೇಕು. ಏಳನೇ ವಾರದ ಹೊತ್ತಿಗೆ ಕೊನೆ ಮುಟ್ಟುತ್ತವೆ. ಕೋಳಿ ಭ್ರೂಣಕ್ಕೆ ಲಾವಕ್ಕಿಯ ಕೋಶ ಕಸಿ ಮಾಡಿ ಇಂಥ ಪಯಣವನ್ನು ಕಣ್ಣಾರೆ ತೋರಿಸಿದವರು ಫ್ರಾನ್ಸಿನ ವಿಜ್ಞಾನಿ ನಿಕೋಲ್ ಲೆ ದುವಾರಿನ್. ಎಂಥ ಸೊಗಸಾದ ಪ್ರಯೋಗ!

ದಾರಿ ಹೇಗೆ ಗೊತ್ತಾಗುತ್ತದೆ? ಕರುಳಿನ ಗೋಡೆ ಜಿಡಿಎನ್‌ಎಫ್ ಎಂಬ ಬೆಳವಣಿಗೆ ಅಂಶವನ್ನು ಸ್ರವಿಸುತ್ತದೆ. ಕೋಶದ ಮೈಮೇಲಿನ ರೆಟ್ ಎಂಬ ಗ್ರಾಹಕ ಅದನ್ನು ಗುರುತಿಸಿ ಕೋಶವನ್ನು ಅತ್ತ ಸೆಳೆಯುತ್ತದೆ. ಅದೇ ಅಂಶ ಕೋಶಗಳನ್ನು ಬದುಕಿಸಿ, ಸಂಖ್ಯೆಯನ್ನೂ ಹೆಚ್ಚಿಸುತ್ತದೆ.

ಆದರೆ ಕಾಲೂರಲು ನೆಲ ಬೇಕಲ್ಲ? ಕೋಶಗಳ ನಡುವೆ ಹರಡಿದ ಪ್ರೋಟೀನ್ ಎಳೆಗಳ ಹಂದರವೇ ಆ ನೆಲ. ಹತ್ತಿರದಿಂದ ನೋಡಿ: ಕೋಶ ಮುಂದಕ್ಕೆ ತೆಳ್ಳನೆಯ ಚಾಚು ನೀಡುತ್ತದೆ. ಅದರಲ್ಲಿರುವ ಹಿಡಿಕೆ ಪ್ರೋಟೀನ್‌ಗಳಾದ ಇಂಟೆಗ್ರಿನ್‌ಗಳು ಫೈಬ್ರೊನೆಕ್ಟಿನ್ ಎಳೆಯನ್ನು ಹಿಡಿಯುತ್ತವೆ. ಮೈ ಮುಂದಕ್ಕೆ ಎಳೆದುಕೊಳ್ಳುತ್ತದೆ, ಹಿಂಬದಿಯ ಹಿಡಿತ ಬಿಡುತ್ತದೆ. ಮತ್ತೆ ಚಾಚು, ಮತ್ತೆ ಹಿಡಿತ.

ಈ ಹಂದರದಲ್ಲಿ ಕೊಲಾಜನ್ 6 ಎಂಬ ಪ್ರೋಟೀನ್ ಹೆಚ್ಚಾದರೆ ನಡಿಗೆ ನಿಧಾನ. ಅದರ ಎರಡು ಜೀನ್‌ಗಳು 21ನೇ ವರ್ಣತಂತುವಿನಲ್ಲಿವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ವರ್ಣತಂತು ಒಂದು ಹೆಚ್ಚಿಗೆ ಇರುತ್ತದೆ; ಅವರಲ್ಲಿ ಹಿರ್ಷ್‌ಸ್ಪ್ರಂಗ್ ಕಾಯಿಲೆ ಹೆಚ್ಚು ಕಾಣಲು ಇದೂ ಒಂದು ಕಾರಣವಿರಬಹುದು.

ಕೋಶಗಳು ತಲುಪದ ಭಾಗದಲ್ಲಿ ನರಜಾಲವಿಲ್ಲ, ಕರುಳು ಬಿಗಿದೇ ಇರುತ್ತದೆ. ಶಸ್ತ್ರಚಿಕಿತ್ಸಕರು ಆ ತುಂಡನ್ನು ತೆಗೆದು, ನರವಿರುವ ಕರುಳನ್ನು ಕೆಳಗೆಳೆದು ಜೋಡಿಸುತ್ತಾರೆ.